ಆಳು ಕೂತ ಆಕಾಶನೌಕೆ

ಚಲಪತಿಗೆ ಮೆಚ್ಚಿಗೆಯಾಗುವಂಥ ಆಕಾಶನೌಕೆ ಕಟ್ಟುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಟೀವಿಯಲ್ಲಿ ಅಂಥ ಸಿನಿಮಾ ಬಂದರೆ ಸಾಕು, ಹಸುವಿಗೆ ಹುಲ್ಲು ಹಾಕುತ್ತಿದ್ದವನು ಅರ್ಧಕ್ಕೇ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಾನೆ. ಎರಡು ನಿಮಿಷ ನೋಡುತ್ತಾನೆ. ಆಮೇಲೆ ಥೂ ಎಂದು ಅಂಗಳಕ್ಕೆ ಉಗಿದು ಕೊಟ್ಟಿಗೆಗೆ ಹೋಗುತ್ತಾನೆ. ಹೆಂಡತಿ ಸೊಣ್ಣಮ್ಮನಿಗೆ ಇದು ಅಭ್ಯಾಸವಾಗಿದೆ. ಹೇಗೂ ಉಗಿಯುವುದೇ ಆದರೆ ನೋಡದೇ ಉಗಿಯಬಾರದೇ, ಹಸುವಿಗಾದರೂ ಹೊತ್ತಿಗೆ ಸರಿಯಾಗಿ ಹುಲ್ಲು ಬೀಳುತ್ತದೆ ಎನ್ನುವುದು ಅವಳ ವಾದ.

ಅವನ ಊರು ಬಂಗಾರಪೇಟೆಗೂ ಉರಿಗಾಂಗೂ ನಡುವೆ, ಮಾರಿಕುಪ್ಪಂ ರೈಲು ಹಾದುಹೋಗುವ ಕಂಬಿಯ ಪಕ್ಕ. ಮನೆಯವರೆಲ್ಲ ರಾಗಿ, ಹಸು ಎಂದುಕೊಂಡು ಇದ್ದರೆ ಇವನೊಬ್ಬ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಗೆ ಸೇರಿದ. ಕಲ್ಲು ಒಡೆಯುವುದಕ್ಕಲ್ಲ. ಆಳುಗಳನ್ನು ಪಾತಾಳಕ್ಕೆ ಇಳಿಸಿ ಎತ್ತುವ ಇಂಜಿನ್ ಮನೆಯಲ್ಲಿ ಮೊದಲು ಸಹಾಯಕ, ಆಮೇಲೆ ಡ್ರೈವರ್. ಆಳುಗಳು ನಿಂತು ಹೋಗುವ ಕಬ್ಬಿಣದ ಪಂಜರಕ್ಕೆ ಕೇಜು ಎನ್ನುತ್ತಾರೆ. ಇಂಜಿನ್ ಓಡಿಸುವವನಿಗೆ ಆ ಕೇಜೂ ಕಾಣುವುದಿಲ್ಲ, ಗಣಿಯ ಬಾಯಿಯೂ ಕಾಣುವುದಿಲ್ಲ. ಅವನ ಮುಂದಿರುವುದು ಉಕ್ಕಿನ ಹಗ್ಗ ಸುತ್ತಿದ ಉರುಳೆ, ಆಳ ತೋರಿಸುವ ಮುಳ್ಳು, ಕಿವಿಗೆ ಒಂದು ಬೆಲ್ಲು. ಓಡುವಾಗ ಒಂದು ಹೊಡೆದರೆ ನಿಲ್ಲಿಸು. ನಿಂತಿರುವಾಗ ಒಂದು ಹೊಡೆದರೆ ಎತ್ತು. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಒಳಗೆ ಆಳಿದೆ, ಹುಷಾರು. ಆ ಮೂರಕ್ಕೆ ಡ್ರೈವರು ತಿರುಗಿ ಮೂರು ಹೊಡೆಯಬೇಕು, ಆಮೇಲೇ ಚಕ್ರ ಅಲುಗಬೇಕು. ಅದಿರು ತುಂಬಿದ್ದರೆ ಜೋರಾಗಿ ಎಳೆಯಬಹುದು, ಆಳಿದ್ದರೆ ನಿಧಾನ.

ಅವನಿಗೆ ಕೆಲಸ ಕಲಿಸಿದ ಹಿರಿಯ ಡ್ರೈವರು ಮುನಿಸ್ವಾಮಪ್ಪ ಮೊದಲ ದಿನವೇ ಹೇಳಿದ್ದ: "ಬೆಲ್ಲಿಗೆ ತಿರುಗ್ಸು, ಬಾಯಿಗೆ ತಿರುಗಿಸ್ಬ್ಯಾಡ ಕಣ್ಲಾ. ದೇವ್ರೇ ಬಂದು ಕೂಗಿದ್ರೂ ತಿರುಗಿಸ್ಬ್ಯಾಡ." ಚಲಪತಿ ತಿರುಗಿಸಲಿಲ್ಲ. ಗಣಿ ಮುಚ್ಚುವವರೆಗೆ ಅವನ ಕೈಯಲ್ಲಿ ಹತ್ತಿ ಇಳಿದ ಒಬ್ಬನೇ ಒಬ್ಬ ಆಳಿಗೂ ಕೂದಲು ಕೊಂಕಲಿಲ್ಲ. ಆ ಜಂಬ ಅರವತ್ತೊಂದರ ಈ ವಯಸ್ಸಿನಲ್ಲೂ ಇಳಿದಿಲ್ಲ.

ಗಣಿ ಮುಚ್ಚಿದ ಮೇಲೆ ಆ ಜಂಬಕ್ಕೆ ಜಾಗ ಸಿಕ್ಕಿದ್ದು ಉರಿಗಾಂನ ನಾಟಕ ಸಂಘದಲ್ಲಿ. ವರ್ಷಕ್ಕೊಂದು ಪೌರಾಣಿಕ ನಾಟಕ. ನಾರದ ಮೋಡದಿಂದ ಇಳಿಯಬೇಕು, ಆಂಜನೇಯ ಹಾರಬೇಕು. ಗುಜರಿ ಕಬ್ಬಿಣ ಹುಡುಕಿ ತಂದು ಚಲಪತಿಯೇ ಹಿಡಿಕೆ, ಬ್ರೇಕು ಎಲ್ಲ ಇರುವ ಉರುಳೆಯೊಂದನ್ನು ಕಟ್ಟಿದ. ಮೇಲಿನ ತೊಲೆಗೆ ರಾಟೆ ಬಿಗಿದು ತಂತಿ ಹಗ್ಗ ಹಾಕಿದ. ಊರವರು ಅದನ್ನು ರಾಟೆ ಎನ್ನುತ್ತಾರೆ, ಅವನು ಇಂಜಿನ್ ಎನ್ನುತ್ತಾನೆ. ರಂಗದ ಪಕ್ಕದಲ್ಲಿ ಪರದೆಯ ಹಿಂದೆ, ಆಟಕ್ಕೆ ಬೆನ್ನು ಹಾಕಿ ಕೂರುತ್ತಾನೆ. ನೋಡಿದರೆ ಕೈ ತಪ್ಪುತ್ತದಂತೆ. ಎದುರು ಪಕ್ಕದಲ್ಲಿ ಬೆಲ್ಲಿನ ಬದಲು ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದಾನೆ. ಅದನ್ನು ಹೊಡೆದರೆ ಇವನು ತಿರುಗಿಸುತ್ತಾನೆ. ಹೊಡೆಯದಿದ್ದರೆ ನಾರದನಾದರೇನು, ನಾರದನ ಅಪ್ಪನಾದರೇನು, ಮೋಡದಲ್ಲೇ ನೇತಾಡಿಕೊಂಡಿರಬೇಕು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಸಂಘದ ಅಧ್ಯಕ್ಷ ಗೋಪಿನಾಥನಿಗೆ ಬಂಗಾರಪೇಟೆಯ ಮದುವೆ ಮಂಟಪವೊಂದರಲ್ಲಿ ಎಲ್‌ಇಡಿ ಪರದೆ ನೋಡಿ ತಲೆ ತಿರುಗಿತು. ಅದನ್ನು ಬಾಡಿಗೆಗೆ ತಂದರೆ ಮೋಡವೂ ಅದರಲ್ಲೇ, ನಾರದನೂ ಅದರಲ್ಲೇ, ಈ ತುಕ್ಕು ಹಿಡಿದ ರಾಟೆಯನ್ನು ಗುಜರಿಗೆ ಹಾಕೋಣ ಎಂದ. ಹೆಣಕ್ಕೆ ಬಣ್ಣ ಬಳಿದ ಹಾಗಿರುತ್ತದೆ ನಿನ್ನ ಪರದೆ ಎಂದು ಚಲಪತಿ ತುಂಬಿದ ಸಭೆಯಲ್ಲಿ ಅಂದ. ಎಗರಾಟ ಕೂಗಾಟ ಎಲ್ಲ ಆಗಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ಈ ವರ್ಷದ ನಾಟಕವನ್ನು ರಾಟೆಯಲ್ಲೇ ಆಡುವುದು, ಜನ ಮೆಚ್ಚಿದರೆ ರಾಟೆ ಉಳಿಯಲಿ, ನಗೆಪಾಟಲಾದರೆ ಮಾರುವುದು. ಆಗಲಿ ಹೋಗಲಿ ಎಂದು ಹೇಳಿ ಬಂದ ಚಲಪತಿ ಆ ದಿನ ಮುದ್ದೆ ಮುಟ್ಟಲಿಲ್ಲ. ಆ ಇಂಜಿನ್ ಹೋದರೆ ಅವನಿಗೆ ತಿರುಗಿಸುವುದಕ್ಕೆ ಇನ್ನೊಂದು ಚಕ್ರವಿರಲಿಲ್ಲ. ಅದಿಲ್ಲದೆ ಅವನು ಎರಡು ಹಸು ಕಟ್ಟಿದ ಒಬ್ಬ ಮುದುಕ, ಅಷ್ಟೇ. ಹಾಗಾಗುವುದಕ್ಕೆ ಅವನಿಗೆ ಹೆದರಿಕೆಯಾಗಿತ್ತು.

ಇಂಥ ಹೊತ್ತಿನಲ್ಲೇ ಪುರಾಣ ಸಾಕು, ಇನ್ನು ವಿಜ್ಞಾನ ಎಂದುಕೊಂಡು ಬಾಲಾಜಿ ಬಂದ. ಬಾಲಾಜಿ ಖಾಸಗಿ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಎರಡು ಆಕಾಶನೌಕೆಗಳ ಯುದ್ಧದ ನಾಟಕ ಬರೆದಿದ್ದ. ಬರೆದಿದ್ದ ಎನ್ನುವುದಕ್ಕಿಂತ ಹಳೆಯ ಕುರುಕ್ಷೇತ್ರದ ನಾಟಕದಲ್ಲಿ ರಥ ಇದ್ದ ಕಡೆ ನೌಕೆ, ಬಾಣ ಇದ್ದ ಕಡೆ ಕಿರಣ ಎಂದು ತಿದ್ದಿದ್ದ ಎನ್ನಬೇಕು. ವೈರಿಗಳು ಕೂಗಳತೆಗೆ ಬಂದು ನಿಂತು, ಹತ್ತು ಹತ್ತು ಸಾಲು ಬೈದುಕೊಂಡು, ಆಮೇಲೆ ಹೊಡೆದಾಡುತ್ತಿದ್ದರು. 'ಗರುಡ' ಎಂಬ ನೌಕೆಯನ್ನು ನಡೆಸುವ ನಾಯಕಿ ಕಿಟಕಿ ತೆಗೆದು ಹಣಕುತ್ತಿದ್ದಳು. ನೌಕೆ ಹೊಗೆ ಬಿಡುತ್ತಿತ್ತು. ಬ್ರೇಕು ಹಾಕಿದರೆ ಗಕ್ಕನೆ ನಿಲ್ಲುತ್ತಿತ್ತು. ಬಾಂಬು ಢಂ ಎನ್ನುತ್ತಿತ್ತು, ಮಧ್ಯದಲ್ಲೊಂದು ಹಾಡೂ ಇತ್ತು. ಓದಿ ಮುಗಿಸಿದಾಗ ಸಂಘದವರೆಲ್ಲ ಚಪ್ಪಾಳೆ ತಟ್ಟಿದರು. ಚಲಪತಿ ಎದ್ದು ಪಂಚೆ ಕೊಡವಿದ.

"ಮೇಷ್ಟ್ರೇ, ಇದು ಕೋಲಾರದ ಬಸ್ಸು," ಅಂದ. "ಕಂಡಕ್ಟರ್ ಒಬ್ನು ಕಮ್ಮಿ ಅವ್ನೆ."

ಆಮೇಲೆ ಮೂರು ತಿಂಗಳು ಅವನ ನಾಲಿಗೆಗೆ ಬಿಡುವಿರಲಿಲ್ಲ. ಮೊಮ್ಮಗಳು ಸಹನ ಬಂಗಾರಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಹಾಲು ಕರೆಯುವಾಗ ಅವಳ ಕೈಯಲ್ಲಿ ಭೌತಶಾಸ್ತ್ರದ ಪುಸ್ತಕ ಓದಿಸಿ ಕೇಳಿಸಿಕೊಳ್ಳುವನು. ಗಣಿಯಲ್ಲಿ ಮೈಮೇಲೆ ಅನುಭವಿಸಿದ್ದನ್ನೇ ಪುಸ್ತಕದವರು ಇಷ್ಟು ಸುತ್ತಿ ಬಳಸಿ ಹೇಳುತ್ತಾರಲ್ಲ ಎಂದು ಅವರ ಮೇಲೂ ಮೂಗು ಮುರಿಯುವನು. ಸಂಜೆ ಹೋಗಿ ಬಾಲಾಜಿಗೆ ಅದನ್ನೆಲ್ಲ ಒಪ್ಪಿಸುವನು. ಆಕಾಶದಲ್ಲಿ ಉಜ್ಜುವುದಕ್ಕೆ ಗಾಳಿಯಿಲ್ಲ, ನೆಲವಿಲ್ಲ. ಹೊರಟಿದ್ದು ಹೊರಟಂತೆಯೇ ಹೋಗುತ್ತದೆ. ನಿಲ್ಲಿಸಬೇಕಾದರೆ ನೌಕೆಯ ಮುಖ ತಿರುವಿ, ಹೊರಡುವಾಗ ಎಷ್ಟು ಹೊತ್ತು ಇಂಜಿನ್ ಉರಿಸಿದ್ದೆಯೋ ಅಷ್ಟೇ ಹೊತ್ತು ಎದುರಿಗೆ ಉರಿಸಬೇಕು. "ಬ್ರೇಕಂತೆ ಬ್ರೇಕು. ಯಾತಕ್ಕೆ ಆಕ್ತೀಯಾ, ಆಕಾಶಕ್ಕಾ?" ಎಂದು ಕೇಳಿದಾಗ ಬಾಲಾಜಿ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದ.

ಚಳಿಯ ವಿಷಯಕ್ಕೆ ಇನ್ನೂ ದೊಡ್ಡ ಮಂಗಳಾರತಿಯಾಯಿತು. ನಾಟಕದಲ್ಲಿ ನಾಯಕಿ ಅಂತರಿಕ್ಷದ ಚಳಿಗೆ ಗಡಗಡ ನಡುಗುತ್ತಿದ್ದಳು. ಚಲಪತಿ ತಲೆ ಚಚ್ಚಿಕೊಂಡ. ಮೈಯ ಕಾವು, ಇಂಜಿನ್ನಿನ ಕಾವು, ತೋಪು ಹಾರಿಸಿದ ಕಾವು, ಇದನ್ನೆಲ್ಲ ಹೊತ್ತುಕೊಂಡು ಹೋಗುವ ಗಾಳಿ ಹೊರಗೆ ಎಲ್ಲಿದೆ? ಗಣಿಯ ತಳದಲ್ಲಿ ಆಳುಗಳು ಬೆವರಿ ಬೆವರಿ ಬಸವಳಿದು ಬರುತ್ತಿದ್ದುದನ್ನು ಅವನು ನೋಡಿದ್ದ. ಅಲ್ಲಿಗೆ ಮೇಲಿನಿಂದ ಗಾಳಿಯನ್ನಾದರೂ ಕಳಿಸಬಹುದಿತ್ತು. ನೌಕೆಯಲ್ಲಿ ಆ ದಾರಿಯೂ ಇಲ್ಲ. ಕಾವನ್ನು ಹೊರಗೆ ಚೆಲ್ಲುವುದಕ್ಕೆಂದೇ ಅಗಲವಾದ ರೆಕ್ಕೆ ಬೇಕು, ಹಾರುವುದಕ್ಕಲ್ಲ. ಆ ರೆಕ್ಕೆಗೆ ಏಟು ಬಿದ್ದರೆ ಒಳಗಿರುವವರು ಬೆಂದುಹೋಗುತ್ತಾರೆ. ಆದ್ದರಿಂದ ಯುದ್ಧದಲ್ಲಿ ರೆಕ್ಕೆ ಮಡಿಸಿಕೊಳ್ಳಬೇಕು. ಮಡಿಸಿದರೆ ಒಳಗೆ ಕಾವು ಏರುತ್ತ ಹೋಗುತ್ತದೆ. ಎರಡು ಕಡೆಯವರೂ ಒಳಗೊಳಗೇ ಬೇಯುತ್ತ ಕಾಯಬೇಕು. ತಡೆಯಲಾರದೆ ಯಾರು ಮೊದಲು ರೆಕ್ಕೆ ಬಿಚ್ಚುತ್ತಾರೋ ಅವರ ಕತೆ ಮುಗಿಯಿತು.

ಇದನ್ನು ಕೇಳಿದಾಗ ಬಾಲಾಜಿ ಮೊದಲ ಸಲ ಪೆನ್ನು ತೆಗೆದು ಬರೆದುಕೊಂಡ. ಆದರೂ ಕಡೇ ಆಸೆ ಬಿಡಲಿಲ್ಲ. ವೈರಿಯ ಕ್ಷಿಪಣಿ ಬಂದಾಗ ಗರುಡ ಸರ್ರನೆ ಪಕ್ಕಕ್ಕೆ ಹೊರಳಿ ತಪ್ಪಿಸಿಕೊಳ್ಳಬಹುದಲ್ಲ ಎಂದು ಕೇಳಿದ.

ಚಲಪತಿ ಅವನನ್ನು ಕರುಣೆಯಿಂದಲೇ ನೋಡಿದ. "ಒಳಗೆ ಆಳಿದ್ರೆ ಅಂಗೆಲ್ಲ ಒಳ್ಳಕ್ಕಾಗಲ್ಲ ಮೇಷ್ಟ್ರೇ. ಕತ್ತು ಮುರ್ಕಂಡು ಓಗ್ತದೆ. ಆಳಿಲ್ದಿರೋ ಬಂಡಿ ಎಂಗಾದ್ರೂ ಓಡ್ಲಿ, ಯಾವನ್ ಕೇಳ್ತಾನೆ. ಆಳಿದ್ರೆ ನಿಧಾನ. ಮೇಲೂ ಅಷ್ಟೆ, ಕೆಳಗೂ ಅಷ್ಟೆ."

ಕೊನೆಗೆ ಅವನು ಹೇಳಿದಂತೆಯೇ ಆಯಿತು. ಬಾಲಾಜಿ ಸೋತಿದ್ದು ವಾದಕ್ಕಲ್ಲ. ತಂತಿಯಲ್ಲಿ ನೇತಾಡಲು ಒಪ್ಪಿದ ಒಬ್ಬಳೇ ಹುಡುಗಿ ಸಹನ, ಅವಳು ತಾತ ಹೇಳಿದ ಹಾಗಾದರೆ ಮಾತ್ರ ಹತ್ತುತ್ತೇನೆ ಅಂದಳು. ನೌಕೆಯನ್ನು ಕಬ್ಬಿಣದ ಪಟ್ಟಿ, ತಗಡು ಹೊಡೆದು ಮಾಡಿದರು. ಚೂಪು ಮೂತಿ ಇಲ್ಲ, ಕಿಟಕಿ ಇಲ್ಲ, ನೋಡುವುದಕ್ಕೆ ಡೈರಿಯ ಹಾಲಿನ ಕ್ಯಾನಿನ ಹಾಗಿತ್ತು. ನೋಡುವವರಿಗೆ ಸಹನ ಕಾಣಲಿ ಎಂದು ಒಂದು ಪಕ್ಕ ತೆರೆದಿಟ್ಟರು. ಎರಡು ಕಡೆ ಬೆಳ್ಳಿ ಬಣ್ಣದ ಹಾಳೆಯ ಮಡಿಸುವ ರೆಕ್ಕೆ. ವೈರಿಯ ನೌಕೆ ದೂರದಲ್ಲೊಂದು ಕೆಂಪು ಬಲ್ಬು, ಜೋರಾಗಿ ಹೊಳೆದರೆ ರೆಕ್ಕೆ ಬಿಚ್ಚಿದಂತೆ, ಆರಿದರೆ ಸುಟ್ಟುಹೋದಂತೆ, ಅಷ್ಟೇ. ಗರುಡ ರಂಗದ ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲಿನ ಮೂಲೆಗೆ ಓರೆಯಾಗಿ, ಎಲ್ಲೂ ನಿಲ್ಲದೆ ಸಾಗಬೇಕು. ವೈರಿಯನ್ನು ಸುಟ್ಟ ಮೇಲೂ ಸಾಗುತ್ತಲೇ ಇರಬೇಕು. ಗೆದ್ದವಳಿಗೆ ತಾನು ಮಾಡಿದ್ದನ್ನು ನಿಂತು ನೋಡುವುದಕ್ಕೂ ಆಗುವುದಿಲ್ಲ, ಹಿಂದೆ ತಿರುಗಿ ನೋಡುತ್ತ ನೋಡುತ್ತಲೇ ದೂರ ಹೋಗುತ್ತಾಳೆ. ಈ ಕೊನೆ ಚಲಪತಿಯದೇ. ಅದನ್ನು ಹೇಳುವಾಗ ಮಾತ್ರ ಅವನ ದನಿಯಲ್ಲಿ ಯಾರ ಮೇಲೂ ತಾತ್ಸಾರ ಇರುತ್ತಿರಲಿಲ್ಲ.

ಒಪ್ಪಿಸಲು ಉಳಿದವನು ಸುಧಾಕರ, ಕೀಬೋರ್ಡ್ ನುಡಿಸುವವನು. ಆಕಾಶದಲ್ಲಿ ಶಬ್ದವಿಲ್ಲ, ಯುದ್ಧದ ಇಪ್ಪತ್ತು ನಿಮಿಷವೂ ಕೈ ಕಟ್ಟಿ ಕೂರು ಎಂದರೆ ಅವನಿಗೆ ಪ್ರಾಣವೇ ಹೋದಂತಾಯಿತು. ಮದುವೆ ಮನೆಗಳಲ್ಲಿ ತಾಳಿ ಕಟ್ಟುವಾಗಲೂ ಬೆರಳು ಸುಮ್ಮನಿರದ ಜಾತಿ. ಹೇಗೂ ಕೂತಿರುತ್ತಾನೆ ಎಂದು ಕಂಬಿ ಹೊಡೆಯುವ ಕೆಲಸವನ್ನು ಚಲಪತಿ ಅವನಿಗೇ ವಹಿಸಿದ. ಮೂರು ಹೊಡಿ, ನಾನು ಮೂರು ಹೊಡೆಯುತ್ತೇನೆ, ಆಮೇಲೆ ಒಂದು ಹೊಡಿ. ಗರುಡ ಮೇಲಿನ ಮೂಲೆ ಮುಟ್ಟಿದಾಗ ನಿಲ್ಲಿಸಲು ಇನ್ನೊಂದು ಹೊಡಿ. ನಡುವೆ ಕೈ ಮಡಚಿಕೊಂಡು ಬಿದ್ದಿರು. ಇಷ್ಟನ್ನು ಮೂವತ್ತು ಸಲ ಹೇಳಿಕೊಟ್ಟ. ನೌಕೆಯೊಳಗಿನಿಂದಲೂ ಕಂಬಿ ಹೊಡೆಯಲು ಸಹನಳಿಗೆ ಒಂದು ಹುರಿ ಕಟ್ಟಿಕೊಟ್ಟಿದ್ದ. ಅಂತರಿಕ್ಷದಲ್ಲಿ ಹುರಿ ನೇತಾಡಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಬಾಲಾಜಿ ಹಿಂದಿನ ದಿನ ಅದನ್ನು ಕತ್ತರಿಸಿ ಹಾಕಿದ. ಚಲಪತಿಗೆ ಹೇಳಲೂ ಇಲ್ಲ.

ನಾಟಕ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಕತ್ತಲೆ ಬೇಕೆಂದು ಹಾಲ್‌ನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಡಿದಿದ್ದರು. ಮೇಲೆ ಶೀಟಿನ ಮಾಡು, ಒಳಗೆ ಕಿಕ್ಕಿರಿದ ಜನ, ಫ್ಯಾನು ತಿರುಗಿದರೆ ಗರುಡದ ರೆಕ್ಕೆ ಹಾರುತ್ತದೆಂದು ಫ್ಯಾನೂ ಬಂದ್. ಮುಂದಿನ ಸಾಲಿನಲ್ಲಿ ಚಾಂಪಿಯನ್ ರೀಫ್ಸ್ ಗಣಿಯ ಲೈನುಮನೆಗಳ ಹಳಬರು ಕೂತಿದ್ದರು. ಗಂಡ ಮೂವತ್ತು ವರ್ಷ ಗಣಿಗಿಳಿದಿದ್ದ ಸೆಲ್ವಿಯಮ್ಮ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ಎಲ್ಲರೂ ಬೆವರಿನಲ್ಲಿ ತೊಯ್ಯುವುದನ್ನು ಪರದೆಯ ಸಂದಿಯಿಂದ ನೋಡಿ ಚಲಪತಿಗೆ ಪರಮಾನಂದವಾಯಿತು. ಈಗ ಗೊತ್ತಾಗಲಿ ಬಡ್ಡೆತ್ತೋವಕ್ಕೆ, ಚಳಿಯಂತೆ ಚಳಿ, ಎಂದುಕೊಂಡು ಆಟಕ್ಕೆ ಬೆನ್ನು ಹಾಕಿ ಕೂತ.

ಕಂಬಿ ಮೂರು ಸಲ ಕೇಳಿಸಿತು. ಉರುಳೆಗೆ ಮೂರು ಹೊಡೆದು ಉತ್ತರ ಕೊಟ್ಟ. ಒಂದು ಕೇಳಿಸಿತು. ತಿರುಗಿಸತೊಡಗಿದ.

ಅವನ ಕಣ್ಣು ಉರುಳೆಯ ಮೇಲಿನ ಸೀಮೆಸುಣ್ಣದ ಗೆರೆಗಳ ಮೇಲಿತ್ತು. ಮೊದಲನೇ ಗೆರೆ ದಾಟಿದಾಗ ಸಹನ ರೆಕ್ಕೆ ಮಡಿಸಿರಬೇಕು. ಎರಡನೆಯದು ದಾಟಿದಾಗ ವೈರಿಯ ಆಳಿಲ್ಲದ ಕ್ಷಿಪಣಿ ಇನ್ನೊಂದು ತಂತಿಯಲ್ಲಿ ಅವಳ ಪಕ್ಕದಿಂದ ಹಾರಿರಬೇಕು. ಹಾಲ್‌ನಲ್ಲಿ ಒಂದು ಕೆಮ್ಮೂ ಇರಲಿಲ್ಲ. ಸಿಳ್ಳೆಯಿಲ್ಲ, ಢಂ ಇಲ್ಲ, ಹಾಡಿಲ್ಲ, ಆದರೂ ನಾನೂರು ಜನ ಉಸಿರು ಹಿಡಿದು ಕೂತಿದ್ದರು. ಬೆನ್ನ ಹಿಂದಿನ ಆ ಮೌನವನ್ನು ಚಲಪತಿ ಕಿವಿಯಾರೆ ಕೇಳಿದ. ಗೆದ್ದೆ ಅಂದುಕೊಂಡ. ಮೂರನೇ ಗೆರೆಗೆ ವೈರಿಯ ನೌಕೆ ತಡೆಯಲಾರದೆ ರೆಕ್ಕೆ ಬಿಚ್ಚಿತು, ಸುಟ್ಟುಹೋಯಿತು. ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಇನ್ನುಳಿದಿದ್ದು ಆ ಕೊನೆಯ ಪಯಣ ಮಾತ್ರ.

ಆಗ ಸುಧಾಕರನ ಕೈ ತುರಿಸಿತು. ಇಷ್ಟು ದೊಡ್ಡ ವೈರಿ ಸತ್ತು, ಒಂದು ಶಬ್ದವೂ ಇಲ್ಲವೆಂದರೆ ಹೇಗೆ? ಪಾಪ, ಅವನ ಎದೆ ತುಂಬಿಬಂದಿತ್ತು. ಕೈಗೆ ಹತ್ತಿರವಿದ್ದದ್ದು ಕಂಬಿ. ಭಲೇ ಎನ್ನುವ ಹಾಗೆ ಠಣ್ಣೆಂದು ಒಂದು ಬಾರಿಸಿದ.

ಓಡುವಾಗ ಒಂದು ಹೊಡೆತ. ಚಲಪತಿಯ ತಲೆಗೆ ತಿಳಿಯುವ ಮೊದಲೇ ಕೈ ಬ್ರೇಕು ಬಿಗಿದಾಗಿತ್ತು. ಅಂತರಿಕ್ಷದ ಮಧ್ಯೆ, ನೆಲದಿಂದ ಹತ್ತಡಿ ಮೇಲೆ, ಗರುಡ ಗಕ್ಕನೆ ನಿಂತುಬಿಟ್ಟಿತು. ಕೋಲಾರದ ಬಸ್ಸಿನ ಹಾಗೆ.

ಹಿಂದಿನ ಸಾಲಿನಿಂದ ಮೊದಲ ಸಿಳ್ಳೆ ಬಂತು. ಆಮೇಲೆ ನಗು, ಪೆಟ್ರೋಲ್ ಮುಗೀತಾ ಎನ್ನುವ ಕೂಗು. ಬಾಲಾಜಿ ಪರದೆಯ ಹತ್ತಿರ ಓಡಿ ಬಂದು, ತಿರುಗಿಸು ಚಲಪತಣ್ಣ, ಮಾನ ಹೋಗ್ತೈತೆ ಎಂದು ಕಿರುಚಿದ. ಗೋಪಿನಾಥ ಇಳಿಸು ಎಂದ. ಇನ್ಯಾರೋ ಎತ್ತು ಎಂದರು. ಸುಧಾಕರ ತಾನು ಮಾಡಿದ್ದು ಏನೆಂದು ತಿಳಿದು, ಇನ್ನೊಂದು ಹೊಡೆದರೆ ಇನ್ನೇನು ಅನಾಹುತವೋ ಎಂದು ಕಂಬಿಯಿಂದ ಮಾರು ದೂರ ಸರಿದು ನಿಂತಿದ್ದ.

ಚಲಪತಿಗೆ ಎಲ್ಲ ತಿಳಿದಿತ್ತು. ಆ ಹೊಡೆತ ಆಟದ ಹುರುಪಿನದು ಎಂದೂ ತಿಳಿದಿತ್ತು. ಈಗ ಹಿಡಿಕೆ ತಿರುಗಿಸಿದರೆ ಗರುಡ ಸಾಗುತ್ತದೆ, ಜನ ಮರೆಯುತ್ತಾರೆ, ಇಂಜಿನ್ ಉಳಿಯುತ್ತದೆ. ನಿಂತಷ್ಟು ಹೊತ್ತೂ ಅದು ಗುಜರಿಯ ಕಡೆಗೆ ಹೋಗುತ್ತದೆ. ಇಷ್ಟೆಲ್ಲ ತಿಳಿದೂ ಅವನ ಕೈ ಬ್ರೇಕಿನಿಂದ ಏಳಲಿಲ್ಲ. ಪರದೆಯಾಚೆ ಮೊಮ್ಮಗಳಿಗೆ ಏನಾಗಿದೆಯೋ ಅವನು ಕಾಣ. ಸಹನ ಹುರಿ ಎಳೆಯಲಿ ಎಂದು ಕಾದ. ಹುರಿ ಇಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು.

ನಗು ಹಿಂದಿನ ಸಾಲುಗಳದ್ದು. ಮುಂದಿನ ಸಾಲಿನ ಹಳಬರು ಯಾರೂ ನಗಲಿಲ್ಲ. ಆ ಒಂದು ಹೊಡೆತಕ್ಕೆ ಅವರೂ ಕೂತಲ್ಲೇ ಕಲ್ಲಾಗಿದ್ದರು. ಸೆಲ್ವಿಯಮ್ಮ ಎದ್ದು ನಿಂತು, ಒಳಗೆ ಆಳಿದೆಯಾ ಎಂದು ತಮಿಳಿನಲ್ಲಿ ಪಕ್ಕದವನನ್ನು ಕೇಳಿದಳು. ಎದುರಿಗೇ ಹುಡುಗಿ ಕಾಣುತ್ತಿದ್ದರೂ ಕೇಳಿದಳು. ಅವಳು ಎದ್ದದ್ದು ನೋಡಿ ಹಿಂದಿನವರ ನಗು ಕಡಿಮೆಯಾಯಿತು.

ಆ ಸದ್ದಡಗಿದ ಹೊತ್ತಿನಲ್ಲಿ ಮೇಲಿನಿಂದ ತಗಡು ಕುಟ್ಟುವುದು ಕೇಳಿಸಿತು. ಸಹನ ಬೆರಳ ಗಿಣ್ಣಿನಿಂದ ಹೊಡೆಯುತ್ತಿದ್ದಳು. ಮೂರು. ತಾತ ಉತ್ತರ ಕೊಡದೆ ಚಕ್ರ ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಕಾದಳು. ಚಲಪತಿ ಉರುಳೆಗೆ ಮೂರು ಹೊಡೆದ. ಆಮೇಲೆ ತಗಡಿನ ಮೇಲೆ ಎರಡು. ಅವನು ಬ್ರೇಕು ಸಡಿಲಿಸಿ, ನೀರು ತುಂಬಿದ ಕೊಡ ಇಳಿಸುವವನಂತೆ ಮೆಲ್ಲಮೆಲ್ಲಗೆ ಅವಳನ್ನು ನೆಲಕ್ಕೆ ಇಳಿಸಿದ. ಯುದ್ಧ ಗೆದ್ದ ನಾಯಕಿ ಬಂದ ದಾರಿಯಲ್ಲೇ ಹಿಮ್ಮುಖವಾಗಿ ಜಾರಿ ಬಂದು, ರೆಕ್ಕೆ ಸಿಕ್ಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ನಡೆದಳು. ಅಂಕದ ಪರದೆ ಬಿತ್ತು.

ಮುಂದಿನ ಭಾನುವಾರ ಸಂಘದ ಸಭೆ ಸೇರಿತು. ಗೋಪಿನಾಥ ಎಲ್‌ಇಡಿಯವನಿಗೆ ಆಗಲೇ ಫೋನು ಮಾಡಿ ಬಂದಿದ್ದ. ಸುಧಾಕರ ಮುಖ ಬಗ್ಗಿಸಿ ಕೂತಿದ್ದ. ಹುರಿ ಕತ್ತರಿಸಿದ್ದನ್ನು ಬಾಲಾಜಿ ಹೇಳಲೇ ಇಲ್ಲ, ಸಹನಳಿಂದ ಕೇಳಿ ತಿಳಿದಿದ್ದ ಚಲಪತಿಯೂ ಅಲ್ಲಿ ಆ ಮಾತು ಎತ್ತಲಿಲ್ಲ. ಅಂಥವನ ಮೇಲೆ ದೂರು ಹೇಳುವುದು ಅವನಿಗೆ ಅವಮಾನವಾಗಿತ್ತು.

ಬಾಲಾಜಿಗೆ ಮಾತ್ರ ಮೂರು ತಿಂಗಳ ಬಾಕಿ ತೀರಿಸಿಕೊಳ್ಳಬೇಕಿತ್ತು. "ಆಕಾಶದಲ್ಲಿ ಯಾವುದೂ ನಿಲ್ಲಲ್ಲ, ನಿಲ್ಲಲ್ಲ ಅಂತ ನಮ್ಮ ತಲೆ ತಿಂದ್ಯಲ್ಲ ಚಲಪತಣ್ಣ," ಅಂದ. "ಕೊನೇಗೆ ನಿಲ್ಸಿದ್ದು ಯಾರು?"

"ನಾನೇ," ಅಂದ ಚಲಪತಿ. "ಒಳಗೆ ಆಳಿತ್ತು."

ಅದು ಬಾಲಾಜಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿ ಎಂದು ಚಲಪತಿ ಹೇಳಿರಲೂ ಇಲ್ಲ. ಎದ್ದು ಪಂಚೆ ಕೊಡವಿ, ಗೋಪಿನಾಥನ ಕಡೆ ತಿರುಗಿದ. "ನಿನ್ ಪರದೇಲಿ ಆಳಿರಲ್ಲ ಬಿಡಪ್ಪ. ಎಂಗ್ ಬೇಕೋ ಅಂಗ್ ಓಡಿಸ್ಕಳ್ಳಿ."

ಎರಡು ದಿನ ಬಿಟ್ಟು ಗುಜರಿಯವನ ಲಗೇಜ್ ಆಟೋ ಬಂತು. ಮೂವರು ಸೇರಿ ಉರುಳೆಯನ್ನು ಎತ್ತು, ತಳ್ಳು, ಹಿಡಿ ಎಂದು ಬಾಯಿಗೆ ಬಂದಂತೆ ಕೂಗಾಡುತ್ತ ಹೇರಿದರು. ಒಬ್ಬನ ಬೆರಳು ಜಜ್ಜಿತು. ಬಾಯಿ ಮಾತಿಗೆ ಎತ್ತಿದರೆ ಇನ್ನೇನಾಗುತ್ತದೆ ಎಂದು ಚಲಪತಿ ಉಗಿದ. ರೈಲು ಕಂಬಿಯ ತುಂಡನ್ನು ಮಾತ್ರ ಅವನು ಕೊಟ್ಟಿರಲಿಲ್ಲ. ಮನೆಗೆ ಒಯ್ಯಲು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಪಕ್ಕದಲ್ಲಿ ಸಹನ ನಿಂತಿದ್ದಳು.

ಆಟೋ ಹೊರಟು ತಿರುವಿನವರೆಗೆ ಹೋಯಿತು. ಚಲಪತಿ ಬಗ್ಗಿ ಒಂದು ಕಲ್ಲು ಎತ್ತಿಕೊಂಡು ಕಂಬಿಗೆ ಠಣ್ಣೆಂದು ಒಂದು ಹೊಡೆದ. ಸಹನ ತಾತನ ಮುಖ ನೋಡಿ, ಆಮೇಲೆ ರಸ್ತೆ ನೋಡಿದಳು. ಆಟೋ ನಿಲ್ಲಲಿಲ್ಲ.